ನಮ್ಮ ಬಣ್ಣಕ್ಕೆ ಬಿಸಿಲು ಏನೂ ಮಾಡಲ್ಲ ಅನ್ನೋರಿಗೆ ☀️ (ಭಾಗ 6)

"ನಮ್ದು ಕಂದು ಚರ್ಮ, ಸ್ಕಿನ್ ಕ್ಯಾನ್ಸರ್ ಎಲ್ಲಾ ಬಿಳಿಯರಿಗೆ ಬಿಡು." ಈ ಮಾತು ನಮ್ಮ ಕ್ಲಾಸಲ್ಲೂ ಕೇಳಿರ್ತೀರ. ಅಮೆರಿಕದ ಹಿಸ್ಪಾನಿಕ್ ಮನೆಗಳಲ್ಲೂ, ಅಂದ್ರೆ ಮೆಕ್ಸಿಕೊ, ಕ್ಯೂಬಾ, ಪೋರ್ಟೊ ರಿಕೊ ಕಡೆಯಿಂದ ಬಂದ ಸ್ಪ್ಯಾನಿಷ್ ಮೂಲದವರ ಮನೆಗಳಲ್ಲೂ, ಇದೇ ನಂಬಿಕೆ ಇದೆ. 2020ರ ಜನಗಣತಿ ಪ್ರಕಾರ ಅವರು 6 ಕೋಟಿಗೂ ಜಾಸ್ತಿ.

ಇದರಲ್ಲಿ ಅರ್ಧ ಸತ್ಯ ಇದೆ. ಮೆಲನೋಮ ಅನ್ನೋ ಅಪಾಯದ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಅವರಲ್ಲಿ ತುಂಬಾ ಕಮ್ಮಿ. ಆದ್ರೆ ಬಂದಾಗ ತಡವಾಗಿ ಗೊತ್ತಾಗೋದು ಅವರಲ್ಲೇ ಹೆಚ್ಚು. ಬೇಗ ಸಿಕ್ಕಿದ್ರೆ ಕತ್ತರಿಸಿ ತೆಗೆದು ವಾಸಿ ಮಾಡಬಹುದಾದ ಕಾಯಿಲೆ ಎಷ್ಟೋ ಜನಕ್ಕೆ ಒಳಗೆ ಹರಡಿದ ಮೇಲೆ ಸಿಗುತ್ತೆ.

"ಅವರಿಗೆ ಕಾಳಜಿ ಇಲ್ಲ" ಅಂತ ಮಾತು ಮುಗಿಸೋದನ್ನ ನಾನು ಒಪ್ಪಲ್ಲ. ಅಲ್ಲಿನ ಹೊಲಗಳಲ್ಲಿ ಬೆಳೆ ಕೊಯ್ಯೋರಲ್ಲಿ ಬಹುಪಾಲು ಹಿಸ್ಪಾನಿಕ್ ಕೂಲಿಕಾರರು. ಮಧ್ಯಾಹ್ನ ನೆರಳಲ್ಲಿ ಕೂತ್ರೆ ಕೂಲಿ ಯಾರು ಕೊಡ್ತಾರೆ? ಆರೋಗ್ಯ ವಿಮೆ ಇಲ್ಲದವರೂ ಬಿಳಿಯರಿಗಿಂತ ಅವರಲ್ಲೇ ಜಾಸ್ತಿ. ಬಿಕಾಂ ಲೆಕ್ಕದಲ್ಲಿ ಹೇಳ್ಬೇಕಂದ್ರೆ, ಎರಡು ಗಂಟೆಗೊಮ್ಮೆ ಹಚ್ಚೋ ಸನ್‌ಸ್ಕ್ರೀನ್ ಮತ್ತೆ ಮತ್ತೆ ಬರೋ ಖರ್ಚು. ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ ಒಂದ್ಸಲದ ಖರ್ಚು.

ಆ ಟೋಪಿ ಅವರದೇ ಅಲ್ವಾ? ಸೊಂಬ್ರೆರೊ ಅನ್ನೋ ಪದ ಬಂದಿರೋದೇ ಸೊಂಬ್ರಾ, ಅಂದ್ರೆ ನೆರಳು ಅನ್ನೋದರಿಂದ. ಆದ್ರೆ ಇಂಗ್ಲಿಷಿಗೆ ಹೊರಳಿದ ಹಿಸ್ಪಾನಿಕರಲ್ಲಿ ಮೈಮುಚ್ಚೋ ಬಟ್ಟೆ ಕಮ್ಮಿ, ಬಿಸಿಲಿಗೆ ಮೈಯೊಡ್ಡಿ ಮಲಗೋದು ಜಾಸ್ತಿ ಅಂತ ಸಂಶೋಧನೆಗಳು ಹೇಳ್ತವೆ. ಹಾಗಾಗಿ ಬುದ್ಧಿ ಹೇಳೋಕೆ ಹೋಗೋರು ಅಜ್ಜ ಅಜ್ಜಿಯ ಅಭ್ಯಾಸದಿಂದಲೇ ಶುರು ಮಾಡ್ಲಿ.

ಇನ್ನೊಂದು ವಿಷಯ. ಕಂದು, ಕಪ್ಪು ಚರ್ಮದವರಿಗೆ ಮೆಲನೋಮ ಬಂದ್ರೆ ಅಂಗಾಲು, ಅಂಗೈ, ಉಗುರಿನ ಅಡಿ ಬರೋದು ಬಿಳಿಯರಿಗಿಂತ ಹೆಚ್ಚು. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಲ್ಲೇ ಶುರುವಾಗಿದ್ದು. 1981ರಲ್ಲಿ ತೀರಿಕೊಂಡಾಗ ಬರೀ 36 ವರ್ಷ. ಅಂಗಾಲಿಗೆ ಎಲ್ಲಿಯ ಬಿಸಿಲು? ಸನ್‌ಸ್ಕ್ರೀನ್ ಹಚ್ಚಿ ಅಂತ ಮಾತ್ರ ಹೇಳಿದ್ರೆ ಸಾಲಲ್ಲ, ಪಾದ ನೋಡ್ಕೊಳ್ಳಿ ಅಂತಾನೂ ಹೇಳ್ಬೇಕು, ಅದೂ ಸ್ಪ್ಯಾನಿಷ್‌ನಲ್ಲಿ.

ನಾವೋ, ಸನ್‌ಸ್ಕ್ರೀನ್ ಅಂದ್ರೆ ಕಪ್ಪಾಗದೇ ಇರೋಕೆ ಅನ್ಕೊಂಡಿದ್ದೀವಿ. ಇವತ್ತು ರಾತ್ರಿ ಕಾಲು ತೊಳೆಯುವಾಗ ಅಂಗಾಲು ನೋಡಿ, ಮನೆಯ ಹಿರಿಯರದ್ದೂ ನೋಡಿ. ಹೊಸ ಕಪ್ಪು ಮಚ್ಚೆ, ಬೆಳೀತಿರೋ ಮಚ್ಚೆ, ಉಗುರಲ್ಲಿ ಹೊಸ ಕಪ್ಪು ಗೆರೆ ಕಂಡ್ರೆ ಅರಿಶಿನ ಹಚ್ಚಿ ಕಾಯ್ಬೇಡಿ, ಚರ್ಮದ ಡಾಕ್ಟರ್ ಹತ್ರ ಹೋಗಿ.

ನಿಮ್ಮ ಮನೇಲಿ ಟೋಪಿ ಹಾಕೋರು ಯಾರು? ಕಾಮೆಂಟಲ್ಲಿ ಹೇಳಿ 👇

#ಚರ್ಮದಮಾತು #ಬಿಸಿಲು #ಕನ್ನಡ