ಉತಾರದಲ್ಲಿ ಹೆಸರಿಲ್ಲದವರು

ಸರ್ಕಾರದ ಕಡತದಲ್ಲಿ ಹುಬ್ಬಳ್ಳಿ ತಾಲ್ಲೂಕು ಹಿಂದುಳಿದ ತಾಲ್ಲೂಕಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 175 ತಾಲ್ಲೂಕುಗಳನ್ನು 35 ಮಾನದಂಡಗಳಿಂದ ಅಳೆದು 114ನ್ನು ಹಿಂದುಳಿದವು ಎಂದಿತು. ಧಾರವಾಡ ಜಿಲ್ಲೆಯಿಂದ ಕಲಘಟಗಿ, ಕುಂದಗೋಳ, ನವಲಗುಂದ ಆ ಪಟ್ಟಿಗೆ ಸೇರಿದವು. ಹುಬ್ಬಳ್ಳಿ ಸೇರಲಿಲ್ಲ. ಕಿಮ್ಸ್ ಆಸ್ಪತ್ರೆ, ಗೋಕುಲ ರೋಡಿನ ಕಾರ್ಖಾನೆಗಳು, ಅಮರಗೋಳದ ಎಪಿಎಂಸಿ, ಸಾಲುಸಾಲು ಬ್ಯಾಂಕು, ಕಾಲೇಜು ಎಲ್ಲವನ್ನೂ ಕೂಡಿಸಿ ತಾಲ್ಲೂಕಿನ ತಲೆಗಳಿಗೆ ಭಾಗಿಸಿದರೆ ಸುಳ್ಳ ಎಂಬ ಹಳ್ಳಿಯಲ್ಲಿ ಕಳೆ ತೆಗೆಯುವ ಹೆಣ್ಣುಮಗಳ ಪಾಲಿಗೂ ಒಂದಿಷ್ಟು ಅಭಿವೃದ್ಧಿ ಬರುತ್ತದೆ. ಕಾಗದದ ಮೇಲೆ ಬರುತ್ತದೆ. ಅವಳ ಮನೆಗೆ ಬರುವುದಿಲ್ಲ.

ನನ್ನ ಸಿಟ್ಟು ಈ ಸರಾಸರಿಯ ಮೇಲೆ. 2011ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ 18,47,023. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅವಳಿ ನಗರದ ಪಾಲಿಕೆಯೊಳಗೇ ಇದ್ದಾರೆ. ಹೀಗಿರುವಾಗ ಜಿಲ್ಲೆಯ ಸಾಕ್ಷರತೆ, ಜಿಲ್ಲೆಯ ತಲಾ ಆದಾಯ ಎಂದು ಅಧಿಕಾರಿಗಳು ಓದಿಹೇಳುವ ಅಂಕಿಗಳೆಲ್ಲ ಪೇಟೆಯ ಮುಖವನ್ನೇ ತೋರಿಸುತ್ತವೆ. ಸುಳ್ಳ, ಬ್ಯಾಹಟ್ಟಿ, ಕುಸುಗಲ್ಲ, ಹೆಬಸೂರುಗಳ ಬಡತನ ಅದರೊಳಗೆ ಕರಗಿಹೋಗುತ್ತದೆ. ಆ ಎಣಿಕೆಯೂ ಹಳೆಯದು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. 2011ರಲ್ಲಿ ಹುಟ್ಟಿದ ಮಗು ಎಸ್ಸೆಸ್ಸೆಲ್ಸಿ ಮೆಟ್ಟಿಲಿಗೆ ಬಂದು ನಿಂತಿದ್ದರೂ 2013ರ ಆಹಾರ ಭದ್ರತಾ ಕಾಯ್ದೆಯಡಿ ಯಾವ ರಾಜ್ಯಕ್ಕೆ ಎಷ್ಟು ಜನರ ಅಕ್ಕಿ ಎಂದು ಲೆಕ್ಕ ಹಾಕಿದ್ದು ಅದೇ 2011ರ ತಲೆ ಎಣಿಕೆಯಿಂದ. ಅನಂತರ ಹುಟ್ಟಿದವರ ಹೊಟ್ಟೆಯನ್ನು ಯಾವ ಕಾಲಂನಲ್ಲಿ ಬರೆದಿದ್ದೀರಿ, ಹೇಳಿ.

ಇನ್ನು ‘ರೈತ’ ಎಂಬ ಲೆಕ್ಕ. ಸುಳ್ಳದ ಸುತ್ತ ಇರುವುದು ಎರೆ ಭೂಮಿ. ಮುಂಗಾರಿಗೆ ಹೆಸರು, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ; ಹಿಂಗಾರಿಗೆ ಕಡಲೆ, ಬಿಳಿಜೋಳ, ಗೋದಿ, ಕುಸುಬಿ. ಹೊಲ ಒಬ್ಬರದು, ದುಡಿಮೆ ಇನ್ನೊಬ್ಬರದು ಎಂಬುದು ಇಲ್ಲಿ ಗುಟ್ಟೇನಲ್ಲ. ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಮನೆ ಮಾಡಿಕೊಂಡವರು ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಾಕುತ್ತಾರೆ, ಇಲ್ಲವೇ ಪಾಲಿಗೆ ಕೊಡುತ್ತಾರೆ. ಮಾತೆಲ್ಲ ಬಾಯಿಮಾತು. 1974ರ ಭೂಸುಧಾರಣೆ ಗೇಣಿಯನ್ನು ನಿಷೇಧಿಸಿತು. ಉಳುವವನಿಗೆ ನೆಲ ಸಿಗಲಿ ಎಂದು ಬಂದ ಆ ಕಾನೂನಿನ ಮೇಲೆ ನನಗೆ ಗೌರವವಿದೆ. ಆದರೆ ಇಂದು ಲಾವಣಿ ಮಾಡಿದವನು ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಅವನ ಹೆಸರು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಬರುವುದಿಲ್ಲ. ಉತಾರವಿಲ್ಲದೆ ಬೆಳೆಸಾಲವಿಲ್ಲ. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಹಣವಾಗಲಿ, ಮಳೆಗೆ ಬೆಳೆ ಕೊಳೆತಾಗಿನ ಪರಿಹಾರವಾಗಲಿ ಹೋಗಿ ಬೀಳುವುದು ಉತಾರದಲ್ಲಿ ಹೆಸರಿದ್ದವನ ಖಾತೆಗೆ. ಬೀಜ, ಗೊಬ್ಬರ, ಆಳಿನ ಪಗಾರ ಕೊಟ್ಟು ಮುಳುಗಿದವನಿಗೆ ಸಿಗುವುದು ಬಡ್ಡಿಸಾಲ. ತಾಲ್ಲೂಕಿನಲ್ಲಿ ಇಂಥವರು ಎಷ್ಟು ಮಂದಿ? ಯಾವ ಸರ್ಕಾರವೂ ಸರಿಯಾಗಿ ಎಣಿಸುವ ಧೈರ್ಯ ಮಾಡಿಲ್ಲ. ಎಣಿಸಿದರೆ ಕೊಡಬೇಕಾಗುತ್ತದೆ.

ಬೆಲೆಯ ಲೆಕ್ಕಕ್ಕೆ ಹೆಸರುಕಾಳಿನ ಬೆಳೆಯನ್ನೇ ನೋಡಿ. ಮಿರಗದ ಮಳೆಗೆ ಬಿತ್ತಿದರೆ ಎರಡು ತಿಂಗಳ ಮೇಲೆ ಸ್ವಲ್ಪ ದಿನಕ್ಕೆ ಕಾಯಿ ಬಲಿಯುತ್ತದೆ. ನಾಗರ ಪಂಚಮಿಯ ಆಚೆಈಚೆ ಮುಂಗಾರಿನ ಮೊದಲ ರೊಕ್ಕ ತರುವ ಬೆಳೆ ಇದು. ಕಟಾವಿನ ಹೊತ್ತಿಗೇ ಜಿಟಿಜಿಟಿ ಮಳೆ ಹಿಡಿದರೆ ಕಾಯಿ ಬಳ್ಳಿಯಲ್ಲೇ ಮೊಳಕೆಯೊಡೆಯುತ್ತದೆ, ಕಾಳು ಕಪ್ಪಾಗುತ್ತದೆ. 2025-26ಕ್ಕೆ ಕೇಂದ್ರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ. ಅದು ಸಿಗಬೇಕಾದರೆ ಖರೀದಿ ಕೇಂದ್ರ ತೆರೆದಿರಬೇಕು, ಕಾಳಿನ ತೇವಾಂಶ ಅವರು ಹೇಳಿದಷ್ಟೇ ಇರಬೇಕು, ಬಣ್ಣ ಕೆಟ್ಟಿರಬಾರದು. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುವಾಗ ಕೇಂದ್ರ ತೆರೆಯುವವರೆಗೆ ಚೀಲ ಇಟ್ಟುಕೊಂಡು ಕೂರಲು ಸಣ್ಣ ರೈತನಿಗೆ ಜಾಗವೂ ಇಲ್ಲ, ತಾಳಿಕೆಯೂ ಇಲ್ಲ. ವ್ಯಾಪಾರಿ ಹೇಳಿದ ದರಕ್ಕೆ ಹಾಕಿ ಬರುತ್ತಾನೆ. ಆಮೇಲೆ ತೆರೆದ ಕೇಂದ್ರದಲ್ಲಿ ಬೆಂಬಲ ಬೆಲೆ ಯಾರ ಕಾಳಿಗೆ ಸಿಗುತ್ತದೆ ಎಂಬುದನ್ನು ತನಿಖೆ ಮಾಡಿ.

2019ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ದೇಶದ ಕೃಷಿ ಕುಟುಂಬಗಳ ಗಳಿಕೆ ಲೆಕ್ಕ ಹಾಕಿತು. ತಿಂಗಳ ಸರಾಸರಿ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798. ಕೂಲಿ-ಸಂಬಳದಿಂದ ಬಂದದ್ದು 4,063. ದೇಶ ‘ಅನ್ನದಾತ’ ಎಂದು ಕೈಮುಗಿಯುವ ಮನುಷ್ಯ ತನ್ನ ಹೊಲಕ್ಕಿಂತ ಹೆಚ್ಚು ಇನ್ನೊಬ್ಬರ ಕೈಕೆಳಗೆ ದುಡಿದು ಬದುಕುತ್ತಿದ್ದಾನೆ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಕೃಷಿ ಕುಟುಂಬದ ಸರಾಸರಿ ಸಾಲ 1,26,240 ರೂಪಾಯಿ. ಸುಳ್ಳದಿಂದ ಬೆಳಿಗ್ಗೆ ಹುಬ್ಬಳ್ಳಿಯ ಗಾರೆ ಕೆಲಸಕ್ಕೆ, ಅಂಗಡಿಗಳ ಹಮಾಲಿಗೆ ಹೋಗುವವರನ್ನು ಕೇಳಿದರೆ ಈ ಅಂಕಿಗೆ ಸಮೀಕ್ಷೆಯೇ ಬೇಕಿರಲಿಲ್ಲ.

ಹೆಣ್ಣುಮಕ್ಕಳ ಲೆಕ್ಕವಂತೂ ಇನ್ನೂ ಅನ್ಯಾಯದ್ದು. ವರ್ಷದಲ್ಲಿ ಆರು ತಿಂಗಳಾದರೂ ದುಡಿದವರನ್ನಷ್ಟೇ ಜನಗಣತಿ ‘ಮುಖ್ಯ ದುಡಿಮೆಗಾರರು’ ಎನ್ನುತ್ತದೆ. ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು, ಕಳೆಗೆ ಎಂದು ಸುಗ್ಗಿ ನೋಡಿ ಕರೆಯುವವರ ಹೊಲಕ್ಕೆ ಹೋಗುವವಳಿಗೆ ಆರು ತಿಂಗಳ ಕೆಲಸ ಯಾರು ಕೊಟ್ಟಿದ್ದಾರೆ? ಕೂಲಿ ಇಲ್ಲದ ದಿನ ರೊಟ್ಟಿ ಬಡಿದು, ನೀರು ಹೊತ್ತು, ಮುದುಕರನ್ನು ನೋಡಿಕೊಂಡರೆ ಅದು ದುಡಿಮೆಯೇ ಅಲ್ಲ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಣ್ಣು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾಳೆ, ಗಂಡು 88 ನಿಮಿಷ. ಅವಳಿಗೆ ಗೃಹಲಕ್ಷ್ಮಿಯ 2,000 ರೂಪಾಯಿ, ಬಸ್ಸಿನ ಉಚಿತ ಚೀಟಿ ಬಂದಾಗ ‘ಬಿಟ್ಟಿ ಭಾಗ್ಯ’ ಎಂದು ಬಾಯಿ ಮಾಡಿದವರು ಈ 289 ನಿಮಿಷದ ಪಗಾರ ಎಷ್ಟಾಗುತ್ತದೆ ಎಂದು ಒಮ್ಮೆ ಕೂಡಿಸಲಿ. ಬಾಕಿ ಇರುವುದು ಊರಿನದು, ಅವಳದಲ್ಲ.

ನೀರಿನ ವಿಷಯದಲ್ಲೂ ಇದೇ ಕಥೆ: ಪೇಟೆಗೆ ಒಂದು ಲೆಕ್ಕ, ಊರಿಗೆ ಇನ್ನೊಂದು. ಈ ಎರೆ ಸೀಮೆಯ ಬಹಳ ಊರುಗಳಲ್ಲಿ ಬೋರಿನ ನೀರು ಸವುಳು, ಕೆರೆಯೇ ಗತಿ. ನವಿಲುತೀರ್ಥದಿಂದ ಮಲಪ್ರಭೆ ಅವಳಿ ನಗರಕ್ಕೆ ಕೊಳವೆಯಲ್ಲಿ ಬಂದು ದಶಕಗಳಾದವು. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗೆ ಕೊಟ್ಟ 3.9 ಟಿಎಂಸಿ ಇನ್ನೂ ಕಾಗದದ ಮೇಲೇ ಇದೆ. ಆ ತೀರ್ಪಿಗೂ ಮುಂಚೆ, ಮಹದಾಯಿ ನೀರು ಕೇಳಿದ್ದಕ್ಕೆ 2016ರಲ್ಲಿ ನವಲಗುಂದ ತಾಲ್ಲೂಕಿನ ಯಮನೂರಿನ ಮನೆಗಳಿಗೆ ನುಗ್ಗಿ ಪೊಲೀಸರು ಹೆಂಗಸರು, ಮುದುಕರೆನ್ನದೆ ಹೊಡೆದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿಸಿದ್ದೂ ಬಾರದ ನೀರಿಗೆ ಕರ ಕಟ್ಟುವುದಿಲ್ಲ ಎಂದ ರೈತರ ಮೇಲೆಯೇ.

ಈಗ ಹುಬ್ಬಳ್ಳಿಯೇ ಸುಳ್ಳ ರೋಡಿನ ಗುಂಟ ನಡೆದು ಬರುತ್ತಿದೆ. ಹೊಲದಲ್ಲಿ ಕಲ್ಲು ನೆಟ್ಟು ಪ್ಲಾಟು ಮಾಡಿದ್ದಾರೆ. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು 2020ರಲ್ಲಿ ಕಾನೂನು ತಿದ್ದಿದ ಮೇಲೆ ರೊಕ್ಕ ಇದ್ದವನಿಗೆ ಅಡ್ಡಿಯೇ ಉಳಿಯಲಿಲ್ಲ. ಎಕರೆಗೆ ಬೆಲೆ ಏರಿದ್ದನ್ನು ಅಭಿವೃದ್ಧಿ ಎಂದು ಬರೆಯುತ್ತಾರೆ. ಮಾರಿದವನಿಗೆ ಒಮ್ಮೆ ರೊಕ್ಕ ಸಿಗುತ್ತದೆ. ಅದೇ ಹೊಲದಲ್ಲಿ ಲಾವಣಿ ಮಾಡಿದವನಿಗೆ, ಕಳೆ ತೆಗೆದವಳಿಗೆ ಒಂದು ಪೈಸೆಯೂ ಇಲ್ಲ. ಮರುದಿನದಿಂದ ಕೆಲಸವೂ ಇಲ್ಲ.

2027ರ ಜನಗಣತಿಯಲ್ಲಿ ಜಾತಿಯನ್ನೂ ಬರೆಯುತ್ತಾರೆ. 1931ರ ನಂತರ ಜನಗಣತಿಯಲ್ಲಿ ಎಲ್ಲ ಜಾತಿಗಳ ಅಂಕಿ ಹೊರಬಂದೇ ಇಲ್ಲ. ಉತಾರ ಯಾವ ಜಾತಿಯವರ ಪೆಟ್ಟಿಗೆಯಲ್ಲಿದೆ, ಕಳೆ ತೆಗೆಯುವ ಕುರ್ಚಿಗಿ ಯಾವ ಕೇರಿಯವರ ಕೈಯಲ್ಲಿದೆ ಎಂಬುದು ಅಂಕಿಯಲ್ಲಿ ಹೊರಗೆ ಬರಲಿ. ಆ ಪುಸ್ತಕವನ್ನು ಜಿಲ್ಲಾ ಕಚೇರಿಯ ಕಪಾಟಿನಲ್ಲಿ ಇಡಬೇಡಿ. ಸುಳ್ಳದ ಗ್ರಾಮಸಭೆಗೆ ತಂದು, ಮೈಕಿನಲ್ಲಿ, ಕನ್ನಡದಲ್ಲಿ, ಊರಿನ ಲೆಕ್ಕ ಬೇರೆ, ಪೇಟೆಯ ಲೆಕ್ಕ ಬೇರೆ ಮಾಡಿ ಓದಿ. ಲಾವಣಿ ರೈತರ ಪಟ್ಟಿಯನ್ನು ಅದೇ ಸಭೆಯಲ್ಲಿ, ಊರಿನವರ ಎದುರಿಗೇ ಬರೆದುಕೊಳ್ಳಿ. ಬರೆದ ಹೆಸರಿಗೇ ಸಾಲ ಕೊಡಿ, ವಿಮೆ ಕೊಡಿ, ಪರಿಹಾರ ಕೊಡಿ.