ಸನ್ನದು ದೊರೆತ ಮೇಲೆ

ದಂಡಿಗನಹಳ್ಳಿಯ ರೈತನು ಚನ್ನರಾಯಪಟ್ಟಣದ ನ್ಯಾಯಾಲಯಕ್ಕೆ ಬಂದಾಗ ನಂಬುವುದು ವಕೀಲರ ನರೆಗೂದಲನ್ನು. ಆದರೆ ಅನುಭವವೊಂದೇ ಸಾಲದ ಕಾಲವಿದು. 2024ರ ಜುಲೈ 1ರಂದು, 1860ರ ದಂಡಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿತು. ಮನೆಮಾತಾಗಿದ್ದ ವಂಚನೆಯ ಕಲಂ 420 ಈಗ 318. ಕೊಲೆಯ 302 ಈಗ 103. ಆ ದಿನಕ್ಕೆ ಮುಂಚಿನ ಅಪರಾಧಗಳಿಗೆ ಹಳೆಯದೇ ಅನ್ವಯಿಸುವುದರಿಂದ ವಕೀಲರಿಗೆ ಎರಡೂ ಕರಗತವಾಗಿರಬೇಕು.

ವೃತ್ತಿಗೆ ಕಾಲಿಡುವವರಿಗೆ ಅಖಿಲ ಭಾರತ ವಕೀಲರ ಪರೀಕ್ಷೆಯುಂಟು. ಅನಂತರ ಮೂವತ್ತು ವರ್ಷ ಕಳೆದರೂ ಕಡ್ಡಾಯ ವ್ಯಾಸಂಗವೆಂಬುದಿಲ್ಲ. ವಕೀಲರ ಸಂಘಗಳು ತಿಂಗಳಿಗೊಂದು ಸಂಜೆಯನ್ನಾದರೂ ಹಿರಿಯರೂ ಕಿರಿಯರೂ ಕೂಡಿ ಓದುವುದಕ್ಕೆ ಮೀಸಲಿಡಲಿ. ವಕೀಲರು ಓದು ನಿಲ್ಲಿಸಿದರೆ ದಂಡ ತೆರುವವನು ಕಕ್ಷಿಗಾರನೇ ಅಲ್ಲವೆ?