ಗೌರಿ ಹಬ್ಬ ಮತ್ತು ಚೇಣಿ ಮುಂಗಡ



ಶ್ರಾವಣ ಕಳೆಯುತ್ತ ಬಂದಂತೆ ಸಂಘದ ಕಚೇರಿಯಲ್ಲಿ ಒಂದೇ ಮಾತು. "ಕಾರ್ಯದರ್ಶಿಗಳೇ, ಗೌರಿ ಹಬ್ಬ ಬಂತು, ಮಗಳ ಮನೆಗೆ ಬಾಗಿನ ಕೊಡಬೇಕು, ಏನಾದರೂ ಮುಂಗಡ ಸಿಕ್ಕೀತೇ?" ಇಲ್ಲಿ ಸಿಗದವರು ಚೇಣಿದಾರರ ಬಳಿ ಹೋಗುತ್ತಾರೆ. ಗೊನೆ ಮರದಲ್ಲಿರುವಾಗಲೇ ವ್ಯಾಪಾರ ಮುಗಿದುಹೋಗುತ್ತದೆ. ಚೇಣಿದಾರರನ್ನು ದೂರುವುದು ನನ್ನ ಉದ್ದೇಶವಲ್ಲ. ಮರ ಹತ್ತುವವರನ್ನು ಹುಡುಕಿ, ಸುಲಿಸಿ, ಬೇಯಿಸಿ, ಒಣಗಿಸುವ ಕಷ್ಟ ಅವರದು. ಆದರೆ ಹಬ್ಬದ ವಾರದಲ್ಲಿ ಕೈಚಾಚಿ ನಿಂತ ಬೆಳೆಗಾರನಿಗೆ ಚೌಕಾಸಿ ಮಾಡುವ ಶಕ್ತಿ ಎಲ್ಲಿಂದ ಬರಬೇಕು?

ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಬ್ಬಗಳ ಸಾಲು ನೋಡಿದರೆ ಅದು ರಾಗಿ ಬೆಳೆಯುವವನ ಪಂಚಾಂಗವೆಂದು ತೋರುತ್ತದೆ. ಭರಣಿ ಸುರಿದರೆ ಧರಣಿ ಬೆಳೆದೀತು ಎಂದು ಆಕಾಶ ನೋಡಿದವರು ನಮ್ಮ ಹಿರಿಯರು. ರಾಗಿ ಕೊಯ್ದು, ಕಣ ಮಾಡಿ, ರಾಶಿಪೂಜೆ ಮುಗಿಸಿ, ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವ ಹೊತ್ತಿಗೆ ಮನೆ ತುಂಬಿರುತ್ತಿತ್ತು. ಶಿವರಾತ್ರಿಗೆ ಸಿದ್ಧಗಂಗೆಯ ದನಗಳ ಜಾತ್ರೆ, ಗುಬ್ಬಿ ಚನ್ನಬಸವೇಶ್ವರರ ತೇರು, ಯುಗಾದಿ ಕಳೆದ ಮೇಲೆ ಚೈತ್ರ ಶುದ್ಧ ಸಪ್ತಮಿಗೆ ಎಡೆಯೂರು ಸಿದ್ಧಲಿಂಗೇಶ್ವರರ ತೇರು, ಎಲ್ಲವೂ ಕೈಯಲ್ಲಿ ಕಾಳಿರುವ ಕಾಲದವು. ಸಿದ್ಧಗಂಗೆಯಲ್ಲಿ ಜೋಡಿ ಎತ್ತು ಕೊಂಡರೆ ಮುಂಗಾರಿನ ಉಳುಮೆಗೆ ಹದವಾಗುತ್ತಿತ್ತು.

ಹಾಗಾದರೆ ಪೈರು ಇನ್ನೂ ಹೊಲದಲ್ಲಿರುವಾಗ ಬರುವ ಗೌರಿ, ಗಣೇಶ, ಪಿತೃಪಕ್ಷ, ಆಯುಧಪೂಜೆಗಳಿಗೆ ಅವರು ಏನು ಮಾಡುತ್ತಿದ್ದರು? ಹಗೇವು ತೆಗೆಯುತ್ತಿದ್ದರು. ನೆಲದೊಳಗೆ ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾಯುತ್ತಿದ್ದರು. ಹೋದ ವರ್ಷದ ಬೆಳೆಯಿಂದ ಈ ವರ್ಷದ ಹಬ್ಬ ನಡೆಯುತ್ತಿತ್ತು. ನಾವು ಬರಲಿರುವ ಬೆಳೆಯಿಂದ ನಡೆಸುತ್ತಿದ್ದೇವೆ. ವ್ಯತ್ಯಾಸ ಇಷ್ಟೇ, ಆದರೆ ಇದರಲ್ಲೇ ಎಲ್ಲವೂ ಇದೆ.

ಇನ್ನೊಂದು ತೊಡಕೂ ಉಂಟು. ಮಳೆ ನಕ್ಷತ್ರಗಳ ಲೆಕ್ಕ ಸೂರ್ಯನದು, ಹಬ್ಬದ ಲೆಕ್ಕ ಚಂದ್ರನದು. ನನ್ನ ತೋಟದಲ್ಲಿ ಮೊದಲ ಕೊಯ್ಲಿಗೆ ಗೊನೆ ಬರುವುದು ಮಘೆ ಕಳೆದು ಹುಬ್ಬೆ ಮಳೆ ಹಿಡಿದ ಮೇಲೆ, ಅಂದರೆ ಆಗಸ್ಟ್ ಮುಗಿದ ನಂತರ. 2023ರಲ್ಲಿ ಅಧಿಕ ಶ್ರಾವಣ ಬಂದು ಚೌತಿ ಸೆಪ್ಟೆಂಬರ್ 18ಕ್ಕೆ ಹೋಯಿತು, ಅಷ್ಟರಲ್ಲಿ ಒಂದಿಷ್ಟು ಕಾಯಿ ಇಳಿದಿತ್ತು. 2025ರಲ್ಲಿ ಆಗಸ್ಟ್ 27ಕ್ಕೇ ಬಂತು. ಆ ವರ್ಷ ನಾನೇ, ಸಂಘದ ಕಾರ್ಯದರ್ಶಿಯೆನಿಸಿಕೊಂಡವನು, ಕೆರೆ ಕೆಳಗಿನ ತುಂಡನ್ನು ಚೇಣಿಗೆ ಕೊಟ್ಟೆ. ದೀಪಾವಳಿಯ ಹೊತ್ತಿಗೆ ಆ ಮರಗಳ ಕೆಳಗೆ ಬಿದ್ದ ರಾಶಿ ನೋಡಿ ನನ್ನಾಕೆ ಆಡಿದ ಮಾತನ್ನು ಇಲ್ಲಿ ಬರೆಯಲಾರೆ.

ಈಚೆಗೆ ಪ್ರಾಚೀನ ಹಿಟ್ಟೈಟರ ವಿಚಾರ ಓದಿದೆ. ಇಂದಿನ ಟರ್ಕಿ ದೇಶದಲ್ಲಿ, ಕ್ರಿ.ಪೂ. 1650ರಿಂದ 1200ರ ಸುಮಾರಿನವರೆಗೆ, ಹತ್ತುಶ ಎಂಬ ರಾಜಧಾನಿಯಿಂದ ಆಳಿದ ಜನ. ದೇವಸ್ಥಾನದ ನೌಕರರಿಗೆ ಅವರು ಮಣ್ಣಿನ ಹಲಗೆಯ ಮೇಲೆ ಬರೆದಿಟ್ಟ ಕಟ್ಟಳೆಯೊಂದಿದೆ. ಹಬ್ಬ ನಡೆಸಬೇಕಾದವನು ಬಂದು, ಕೊಯ್ಲು ಇದೆ, ಮದುವೆ ಮಾತಿದೆ, ಪ್ರಯಾಣವಿದೆ, ಅದು ಮುಗಿಯಲಿ ಎಂದು ಬೇಡಿಕೊಂಡರೆ ಒಪ್ಪಕೂಡದು; ವಸಂತದ ಹಬ್ಬ ವಸಂತದಲ್ಲೇ ಆಗಬೇಕು. ಓದಿ ನಗು ಬಂತು. ಮೂರು ಸಾವಿರ ವರ್ಷಗಳ ಹಿಂದೆಯೂ ರೈತನ ನೆಪ ಅದೇ! ಆದರೆ ಅವರಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಶರತ್ಕಾಲದಲ್ಲಿ ದೇವರ ಹೆಸರಿನಲ್ಲಿ ದೊಡ್ಡ ಗುಡಾಣಕ್ಕೆ ಧಾನ್ಯ ತುಂಬಿ ಮುಚ್ಚುತ್ತಿದ್ದರು. ವಸಂತದಲ್ಲಿ ಗುಡುಗು ಕೇಳಿದಾಗ ಅದನ್ನು ತೆರೆದು, ಬೀಸಿ, ಆ ಹಿಟ್ಟಿನ ರೊಟ್ಟಿಯಿಂದಲೇ ಹಬ್ಬ. ಹಬ್ಬವನ್ನು ಮುಂದೂಡುವಂತಿರಲಿಲ್ಲ, ಅದಕ್ಕೇ ಗುಡಾಣ ಮೊದಲೇ ತುಂಬಿರುತ್ತಿತ್ತು.

ನಾವೂ ಗೌರಿಯನ್ನು ಮುಂದೂಡಲಾರೆವು. ಆದ್ದರಿಂದ ನನ್ನ ಸಲಹೆ: ಸದಸ್ಯರು ಸಂಘಕ್ಕೆ ಮಾಲು ಹಾಕುವಾಗ ಕ್ವಿಂಟಾಲಿಗೆ 5 ಕೆ.ಜಿ.ಯ ಹಣವನ್ನು ಹಬ್ಬದ ಖಾತೆಯೆಂದು ಬೇರೆಯಿಟ್ಟು, ಗೌರಿಗೆ 15 ದಿನ ಮೊದಲು ಬಡ್ಡಿ ಸಮೇತ ಕೊಡುವುದು. ಹಣ ಬೇಡ, ಅಡಿಕೆಯನ್ನೇ ಚೀಲದಲ್ಲಿಡೋಣ, ಬೆಲೆ ಏರೀತು ಎನ್ನುವವರಿದ್ದಾರೆ. ಬೆಲೆ ಇಳಿಯಲೂಬಹುದು, ಜೊತೆಗೆ ಮಳೆಗಾಲದ ತೇವಕ್ಕೆ ಮುಗ್ಗಲು ಹಿಡಿದರೆ ಎರಡೂ ಹೋಯಿತು. ಕಾಫಿಯ ಸದಸ್ಯರಿಗೂ ಇದು ಒಪ್ಪುತ್ತದೆ. ಅವರ ಕೊಯ್ಲಿನ ಹಣ ಹೂಮಳೆಯ ಹೊತ್ತಿಗೇ ಕರಗಿರುತ್ತದೆ.

ಆಡಳಿತ ಮಂಡಳಿಯಲ್ಲಿ ಒಮ್ಮತವಿಲ್ಲ. ನಮ್ಮ ಹಣ ನಮಗೆ ಕೊಡಲು ಸಂಘ ಯಾಕೆ ಎಂದು ಹಿರಿಯ ನಿರ್ದೇಶಕರೊಬ್ಬರು ಕೇಳಿದರು. ಮನೆಯಲ್ಲಿಟ್ಟ ಹಣ ಶ್ರಾವಣದವರೆಗೆ ಉಳಿದೀತೇ ಎಂದು ನಾನು ಕೇಳಿದೆ, ಅವರು ನಕ್ಕು ಸುಮ್ಮನಾದರು. ವಿಷಯವನ್ನು ಮಹಾಸಭೆಯ ಮುಂದಿಡುತ್ತಿದ್ದೇನೆ. ಬರಲಾಗದವರು ಒಂದು ಚೀಟಿಯಲ್ಲಾದರೂ ಅಭಿಪ್ರಾಯ ಬರೆದು ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇನೆ.